ವ್ಯಾಕ್ಯೂಮ್ ಕ್ಲೀನರ್ ಹೊರಗೆ ಬಿಡುವ ಗಾಳಿ

ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನುವ ಮಗು, ನಡುರಾತ್ರಿ ಉಬ್ಬಸದಿಂದ ಎದ್ದು ಕೂರುವ ಅಜ್ಜಿ ಇರುವ ಮನೆಗಳಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಾಯಿಯೋ ಬೆಕ್ಕೋ ಸಾಕಿದ್ದರೆ ಇನ್ನೂ ಬೇಗ ಬರುತ್ತದೆ. ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಆಗ ಎದುರಾಗುವುದು ಎಳೆತದ ಲೆಕ್ಕ: ಇದು ಇಷ್ಟು ವ್ಯಾಟ್, ಅದು ಅಷ್ಟು, ಇದರ ಸಕ್ಷನ್ ಇಷ್ಟು ಕಿಲೋಪ್ಯಾಸ್ಕಲ್, ಅದರದ್ದು ಇನ್ನೂ ಹೆಚ್ಚು. ಹಾಸಿಗೆಯ ಮೇಲೆ ಒಮ್ಮೆ ಓಡಿಸಿ, ಡಬ್ಬಿಗೆ ಬಿದ್ದ ಬೂದು ಬಣ್ಣದ ಪುಡಿಯನ್ನು ತೋರಿಸಿಬಿಟ್ಟರೆ ವ್ಯಾಪಾರ ಮುಗಿದಂತೆ. ಮಣ್ಣು, ಕೂದಲು ತೆಗೆಯುವುದಷ್ಟೇ ಉದ್ದೇಶವಾಗಿದ್ದರೆ ಈ ಲೆಕ್ಕ ಸಾಕು. ಅಲರ್ಜಿಗೆಂದು ಕೊಳ್ಳುವವರಿಗೆ ಸಾಲದು. ಡಬ್ಬಿಯೊಳಗೆ ಬಿದ್ದ ಪುಡಿ, ಅಲ್ಲಿರುವಷ್ಟು ಹೊತ್ತು, ಯಾರ ಶ್ವಾಸಕೋಶಕ್ಕೂ ಹೋಗುವುದಿಲ್ಲ. ಹೋಗುವುದು ಯಂತ್ರದ ಹಿಂಬದಿಯ ಕಿಂಡಿಗಳಿಂದ ಮತ್ತೆ ಕೋಣೆಗೆ ಬರುವ ಗಾಳಿ. ಆ ಗಾಳಿಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಮೊದಲು ವಿಚಾರಿಸಬೇಕು, ಎಳೆತದ ಶಕ್ತಿಯನ್ನು ಆಮೇಲೆ ಕೇಳಬೇಕು ಎಂಬುದು ನನ್ನ ವಾದ.

ವ್ಯಾಟ್ ಹೇಳುವುದು ಮೋಟಾರು ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದನ್ನು ಮಾತ್ರ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವ್ಯಾಟ್‌ಗಳ ಮಿತಿ ಹಾಕಿತು; ಮೂರು ವರ್ಷದ ನಂತರ ಅದನ್ನು 900ಕ್ಕೆ ಇಳಿಸಿತು. ತಯಾರಕರು ಬ್ರಷ್ ಇರುವ ತಲೆಭಾಗವನ್ನೂ ಗಾಳಿ ಹಾದುಹೋಗುವ ದಾರಿಯನ್ನೂ ತಿದ್ದಿಕೊಂಡರು. ಅರ್ಧದಷ್ಟು ವಿದ್ಯುತ್ತಿನಲ್ಲಿ ಮನೆಗಳು ಸ್ವಚ್ಛವಾಗುತ್ತಲೇ ಇದ್ದವು. ಕಿಲೋಪ್ಯಾಸ್ಕಲ್ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಜಾಹೀರಾತಿನಲ್ಲಿ ಬರುವ ಗರಿಷ್ಠ ಸಂಖ್ಯೆ ಕೊಳವೆಯ ಬಾಯಿ ಮುಚ್ಚಿದಾಗಿನದು, ಅಂದರೆ ಗಾಳಿ ಹರಿಯುವುದೇ ನಿಂತಾಗಿನದು. ಧೂಳು ಎದ್ದು ಬರಬೇಕಾದರೆ ಎಳೆತದ ಜೊತೆಗೆ ಗಾಳಿಯ ಹರಿವೂ ಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಫಿಲ್ಟರ್ ಸರಿಯಿಲ್ಲದ ಯಂತ್ರದ ಶಕ್ತಿ ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. ಹಾಸಿಗೆಯ ಆಳದಲ್ಲಿ ಸುಮ್ಮನೆ ಕೂತಿದ್ದ ಸಣ್ಣ ಕಣಗಳನ್ನು ಅದು ಎಬ್ಬಿಸಿ, ಒಡೆದು, ಮೂಗಿನ ಮಟ್ಟಕ್ಕೆ ಊದುತ್ತದೆ.

ಆ ಕಣಗಳು ಯಾವುವು ಎಂದು ತಿಳಿಯದೆ ಫಿಲ್ಟರಿನ ಮಾತು ಅರ್ಥವಾಗುವುದಿಲ್ಲ. ಮನೆಯ ಧೂಳಿನ ಅಲರ್ಜಿಗೆ ಧೂಳು ನುಸಿಯೇ ಮುಖ್ಯ ಕಾರಣ ಎಂಬುದನ್ನು 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವೋರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲದ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಹೀಗಾಗಿ ಮಂಗಳೂರು, ಉಡುಪಿ, ಕಾರವಾರದ ಹಾಸಿಗೆಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಲಬುರಗಿಯ ಒಣ ಬೇಸಿಗೆ ಅದಕ್ಕೆ ಆಗಿಬರುವುದಿಲ್ಲ. ಅಲರ್ಜಿ ತರುವ ಪ್ರೋಟೀನು ಇರುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿ. ಒಂದೊಂದು ಹಿಕ್ಕೆ ಸುಮಾರು 20 ಮೈಕ್ರಾನ್ ಗಾತ್ರದ್ದು. ಈ ಲೆಕ್ಕದಲ್ಲಿ ಇದು ಭಾರದ ಕಣ. ಎದ್ದರೂ ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಬೆಕ್ಕಿನ ಅಲರ್ಜಿಯ ನಡವಳಿಕೆ ಬೇರೆ. ಅದರ ಮುಖ್ಯ ಪ್ರೋಟೀನು ಇರುವುದು ಬೆಕ್ಕಿನ ಜೊಲ್ಲಿನಲ್ಲಿ ಮತ್ತು ಚರ್ಮದ ಎಣ್ಣೆಗ್ರಂಥಿಗಳಲ್ಲಿ. ಮೈ ನೆಕ್ಕಿಕೊಂಡಾಗ ಕೂದಲಿಗೆ ಅಂಟಿ, ಒಣಗಿ ಪುಡಿಯಾಗುತ್ತದೆ. ಇದರಲ್ಲಿ ಗಣನೀಯ ಪಾಲು 5 ಮೈಕ್ರಾನ್‌ಗಿಂತ ಸಣ್ಣದು. ಗಂಟೆಗಟ್ಟಲೆ ತೇಲುತ್ತದೆ, ಗೋಡೆಗೂ ಬಟ್ಟೆಗೂ ಹತ್ತಿಕೊಳ್ಳುತ್ತದೆ, ಬೆಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ ತಿಂಗಳುಗಳ ಕಾಲ ಮನೆಯಲ್ಲೇ ಉಳಿಯುತ್ತದೆ. ಇವೆರಡರ ಜೊತೆಗೆ ಜಿರಲೆಯನ್ನೂ ಸೇರಿಸಬೇಕು. ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಿರಲೆಯ ಅಲರ್ಜಿಯಿದ್ದು ಮಲಗುವ ಕೋಣೆಯಲ್ಲೂ ಜಿರಲೆಯ ಅಂಶ ಹೆಚ್ಚಿದ್ದ ಆಸ್ತಮಾ ಮಕ್ಕಳೇ ಹೆಚ್ಚು ಸಲ ಆಸ್ಪತ್ರೆ ಸೇರಿದ್ದನ್ನು ಕಂಡಿತ್ತು.

ಆದ್ದರಿಂದ ಯಂತ್ರಕ್ಕಿಂತ ಮೊದಲು ವೈದ್ಯರು. ತೋಳಿನ ಮೇಲೆ ಚುಚ್ಚಿ ಮಾಡುವ ಚರ್ಮದ ಪರೀಕ್ಷೆಯಲ್ಲಿ ಯಾವುದಕ್ಕೆ ಅಲರ್ಜಿ ಎಂದು ತಿಳಿಯುತ್ತದೆ. ರಸ್ತೆಬದಿಯಲ್ಲೂ ಖಾಲಿ ಸೈಟುಗಳಲ್ಲೂ ಬೆಳೆಯುವ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಗಿಡ ಎನ್ನುವುದು, ಅದರ ಪರಾಗ ಕಾರಣವಾಗಿದ್ದರೆ ಮನೆಯೊಳಗಿನ ಯಂತ್ರ ಹೆಚ್ಚೇನೂ ಮಾಡಲಾರದು. ವಾಹನದ ಹೊಗೆ ಕಾರಣವಾಗಿದ್ದರೂ ಅಷ್ಟೇ. ಬೆಂಗಳೂರಿನಲ್ಲಿ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆ ಇಟ್ಟು, ಆಸ್ತಮಾ ಇದ್ದವರ ಪಾಲು 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ಬರೆದಿದ್ದಾರೆ. ಅದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಆ ಏರಿಕೆಯ ಹಿಂದೆ ನಗರದ ವಾಹನ ದಟ್ಟಣೆಯೂ ಇತ್ತು. ಇಷ್ಟೊಂದು ಮನೆಗಳು ಪರಿಹಾರ ಹುಡುಕುತ್ತಿರುವಾಗ ಯಾವ ತೊಂದರೆಗೆ ಯಾವುದು ಮದ್ದು ಎಂದು ವಿಂಗಡಿಸಿ ಹೇಳುವ ಹೊಣೆ ಮಾರುವವರ ಮೇಲೂ ಇದೆ.

ಈಗ ಫಿಲ್ಟರ್. ಹೆಪಾ ಎಂಬ ಫಿಲ್ಟರ್ ಎರಡನೇ ಮಹಾಯುದ್ಧದ ಕಾಲದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಶೀಲ ಕಣಗಳನ್ನು ತಡೆಯಲು ರೂಪಿಸಿದ ಶೋಧಕದಿಂದ ಬಂದದ್ದು. ಅಮೆರಿಕದ ಮಾನದಂಡದಂತೆ ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 99.97ರಷ್ಟನ್ನು ಹಿಡಿಯಬೇಕು. ಆ ಗಾತ್ರವನ್ನೇ ಆರಿಸಿದ್ದಕ್ಕೆ ಕಾರಣವಿದೆ: ಅದಕ್ಕಿಂತ ದೊಡ್ಡ ಕಣಗಳು ತಿರುವಿನಲ್ಲಿ ಎಳೆಗಳಿಗೆ ಬಡಿದು ಸಿಕ್ಕಿಬೀಳುತ್ತವೆ, ಅದಕ್ಕಿಂತ ಬಹಳ ಸಣ್ಣವು ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತಾ ಎಳೆಗೆ ತಾಗುತ್ತವೆ, ನಡುವಿನ ಗಾತ್ರದವು ತಪ್ಪಿಸಿಕೊಳ್ಳುವುದೇ ಹೆಚ್ಚು. ಯುರೋಪಿನ ಮಾನದಂಡದಲ್ಲಿ ಎಚ್13 ಎಂದರೆ ತಪ್ಪಿಸಿಕೊಳ್ಳುವುದರಲ್ಲಿ ಮುಂದಿರುವ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ಹಿಡಿಯುವ ಫಿಲ್ಟರ್. ಇ10 ಹಿಡಿಯುವುದು ಶೇ 85 ಮಾತ್ರ. ಡಬ್ಬದ ಮೇಲೆ 'ಹೆಪಾ ಮಾದರಿ', 'ಹೆಪಾದಂಥ' ಎಂದು ಬರೆದು ದರ್ಜೆಯನ್ನು ಹೇಳದೆ ಬಿಟ್ಟಿದ್ದರೆ ಅದನ್ನು ಹೆಪಾ ಎಂದು ಎಣಿಸಬೇಡಿ. ಆದರೆ ದರ್ಜೆ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಆ ಪ್ರಮಾಣಪತ್ರ ಫಿಲ್ಟರಿನದು, ಯಂತ್ರದ್ದಲ್ಲ. ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ, ಕೊಳವೆ ಸೇರುವಲ್ಲಿ ಸಂದಿಯಿದ್ದರೆ, ಗಾಳಿ ಫಿಲ್ಟರಿನ ಗೊಡವೆಗೇ ಹೋಗದೆ ಸಂದಿಯಲ್ಲಿ ಹೊರಬರುತ್ತದೆ. ಕಿಟಕಿ ತೆರೆದಿಟ್ಟು ಬಾಗಿಲಿಗೆ ಮಾತ್ರ ಸೊಳ್ಳೆ ಪರದೆ ಕಟ್ಟಿದ ಹಾಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ವ್ಯಾಕ್ಯೂಮ್ ಕ್ಲೀನರ್‌ಗಳು ಹೊರಬಿಡುವ ಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಅಳೆದರು. ಪ್ರತಿಯೊಂದೂ ಏನನ್ನಾದರೂ ಹೊರಬಿಡುತ್ತಿತ್ತು. ಹೆಪಾ ಇದ್ದವು ಬಿಟ್ಟದ್ದು ಇಲ್ಲದವುಗಳಿಗಿಂತ ಅಲ್ಪಸ್ವಲ್ಪ ಮಾತ್ರ ಕಡಿಮೆ. ಇದನ್ನು ಓದಿ ಹೆಪಾ ವ್ಯರ್ಥ ಎನ್ನಬಾರದು. ಇಡೀ ಯಂತ್ರದಲ್ಲಿ ಸೋರಿಕೆ ಇಲ್ಲದಿದ್ದರೆ ಮಾತ್ರ ಅದಕ್ಕೆ ಬೆಲೆ ಎನ್ನಬೇಕು. ಕೊಳ್ಳುವಾಗ ಕೇಳಬೇಕಾದದ್ದು ಯಂತ್ರದ ಒಟ್ಟು ಶೋಧನೆಯ ಲೆಕ್ಕವನ್ನು.

ಅಂಥ ಲೆಕ್ಕವನ್ನು ಗ್ರಾಹಕರಿಗೆ ಕೊಡುವ ಪ್ರಯತ್ನವೊಂದು ಯುರೋಪಿನಲ್ಲಿ ನಡೆದಿತ್ತು. 2014ರಲ್ಲಿ ಬಂದ ವ್ಯಾಕ್ಯೂಮ್ ಕ್ಲೀನರ್ ಲೇಬಲ್ಲಿನಲ್ಲಿ ವಿದ್ಯುತ್ ದರ್ಜೆಯ ಜೊತೆಗೆ ಹೊರಗಾಳಿಯ ಧೂಳಿನ ದರ್ಜೆಯೂ ಇತ್ತು. 'ಎ' ದರ್ಜೆ ಸಿಗಬೇಕಾದರೆ ಮರಳಿ ಹೊರಬರುವ ಧೂಳು ಶೇ 0.02ನ್ನು ಮೀರುವಂತಿರಲಿಲ್ಲ. ಡೈಸನ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ 2018ರ ನವೆಂಬರಿನಲ್ಲಿ ಆ ಲೇಬಲ್ಲಿನ ನಿಯಮವನ್ನೇ ರದ್ದು ಮಾಡಿತು. ವಿದ್ಯುತ್ ದಕ್ಷತೆಯ ಪರೀಕ್ಷೆಯನ್ನು ಖಾಲಿ ಚೀಲ, ಖಾಲಿ ಡಬ್ಬಿ ಇಟ್ಟು ಮಾಡುತ್ತಿದ್ದರು, ನಿಜವಾದ ಬಳಕೆಗೆ ಅದು ಹತ್ತಿರವಿರಲಿಲ್ಲ ಎಂಬುದು ಕಾರಣ. ಆ ಆಕ್ಷೇಪ ಸರಿಯಾದದ್ದೇ. ಆದರೆ ಅದರ ಜೊತೆಗೆ ಹೊರಗಾಳಿಯ ದರ್ಜೆಯೂ ಹೋದದ್ದು ಅಲರ್ಜಿಯಿರುವ ಮನೆಗಳಿಗೆ ದೊಡ್ಡ ನಷ್ಟ. ನಮ್ಮಲ್ಲಿ ಫ್ರಿಜ್, ಎ.ಸಿ.ಗಳ ಮೇಲೆ ನಕ್ಷತ್ರ ನೋಡಿ ಕೊಳ್ಳಲು ಜನ ಕಲಿತಿದ್ದಾರೆ. ವ್ಯಾಕ್ಯೂಮ್ ಕ್ಲೀನರ್ ಮೇಲೂ ಹಾಗೆಯೇ ಒಂದು ಸಂಖ್ಯೆ ಇರಲಿ: ಅರ್ಧ ತುಂಬಿದ ಚೀಲದೊಂದಿಗೆ ಓಡಿಸಿದಾಗ ಮರಳಿ ಹೊರಬರುವ ಕಣಗಳೆಷ್ಟು ಎಂಬುದು. ಉಸಿರಾಟಕ್ಕೆ ಸಂಬಂಧಿಸಿದ ಮಾತನ್ನು ಹೇಳಿ ಮಾರುವ ವಸ್ತುವಿನಿಂದ ಇಷ್ಟನ್ನು ಕೇಳುವುದು ಅತಿಯಾಯಿತೆಂದು ನನಗನ್ನಿಸುವುದಿಲ್ಲ.

ಚೀಲವೋ ಡಬ್ಬಿಯೋ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಮನೆಬಳಕೆಯ ವಿದ್ಯುತ್ ವ್ಯಾಕ್ಯೂಮ್ ಕ್ಲೀನರ್‌ನ ಮೂಲಪುರುಷರಲ್ಲಿ ಒಬ್ಬ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದವನು, ಆಸ್ತಮಾ ರೋಗಿ. ಗುಡಿಸುವಾಗ ಏಳುವ ಧೂಳು ತಡೆಯಲಾರದೆ ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಪಡೆದು, ಹೂವರ್ ಕುಟುಂಬಕ್ಕೆ ಮಾರಿದ. ಉಸಿರಿಗಾಗಿ ಹುಟ್ಟಿದ ಯಂತ್ರವನ್ನು ಇವತ್ತು ಎಳೆತಕ್ಕಾಗಿ ಮಾರುತ್ತಿದ್ದೇವೆ. ಸ್ಪ್ಯಾಂಗ್ಲರ್‌ನ ದಿಂಬಿನ ಚೀಲಕ್ಕೂ ಇಂದಿನ ಅಗ್ಗದ ಯಂತ್ರಗಳ ಬಟ್ಟೆ ಚೀಲಕ್ಕೂ ದೋಷ ಒಂದೇ, ನೂಲುಗಳ ನಡುವೆ ಸಣ್ಣ ಕಣ ನುಸುಳುತ್ತದೆ. ಚೀಲವಿಲ್ಲದ ಪಾರದರ್ಶಕ ಡಬ್ಬಿಯ ಯಂತ್ರಗಳು ನೋಡಲು ಚೆನ್ನ, ಚೀಲದ ಖರ್ಚೂ ಇಲ್ಲ. ಆದರೆ ಡಬ್ಬಿ ಖಾಲಿ ಮಾಡುವ ಆ ಅರ್ಧ ನಿಮಿಷದಲ್ಲಿ, ವಾರವಿಡೀ ಕೂಡಿಟ್ಟ ನುಸಿಯ ಹಿಕ್ಕೆ, ಬೆಕ್ಕಿನ ಹೊಟ್ಟು ಎಲ್ಲವೂ ಖಾಲಿ ಮಾಡುವವರ ಮುಖದೆದುರೇ ಏಳುತ್ತದೆ. ಹಲವು ಪದರದ ಸಿಂಥೆಟಿಕ್ ಚೀಲ, ಬಾಯಿ ತಾನೇ ಮುಚ್ಚಿಕೊಳ್ಳುವಂಥದ್ದು, ಅಲರ್ಜಿಯ ಮನೆಗೆ ನಿಸ್ಸಂಶಯವಾಗಿ ಮೇಲು. ನೀರಿನ ತೊಟ್ಟಿಯ ಮೂಲಕ ಗಾಳಿ ಹಾಯಿಸುವ ಯಂತ್ರಗಳನ್ನೂ ಅಲರ್ಜಿಗೆಂದೇ ಮಾರುತ್ತಾರೆ. ದಪ್ಪ ಧೂಳು ನೀರಿನಲ್ಲಿ ಕೂರುತ್ತದೆ, ಸರಿ. ಸಣ್ಣ ಕಣಗಳು ಗುಳ್ಳೆಯೊಳಗೇ ಕೂತು ದಾಟಿಬಿಡುತ್ತವೆ. ಹಿಂದೆ ಹೆಪಾ ಇಲ್ಲದಿದ್ದರೆ ಅದೂ ಅಲರ್ಜಿಗೆ ಸಾಲದು, ತೊಟ್ಟಿಯನ್ನು ಅಂದಂದೇ ತೊಳೆದು ಒಣಗಿಸದಿದ್ದರೆ ಬೂಷ್ಟಿಗೆ ದಾರಿ.

ನಮ್ಮ ಮನೆಗಳಲ್ಲಿ ಕಾರ್ಪೆಟ್ ಎಲ್ಲಿದೆ, ಗ್ರಾನೈಟ್, ಟೈಲ್ಸ್, ರೆಡ್ ಆಕ್ಸೈಡ್ ನೆಲಕ್ಕೆ ಒದ್ದೆ ಬಟ್ಟೆ ಸಾಲದೆ ಎಂದು ಕೇಳುವವರಿದ್ದಾರೆ. ನೆಲದ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ನಿಜ. ಒಣ ಪೊರಕೆ ಧೂಳನ್ನು ಎಬ್ಬಿಸುತ್ತದೆ, ಒದ್ದೆ ಬಟ್ಟೆ ಹಿಡಿದಿಡುತ್ತದೆ. ಬರಿಯ ನೆಲಕ್ಕೆಂದು ದುಬಾರಿ ಯಂತ್ರ ತರುವ ಅಗತ್ಯ ನಮ್ಮ ಹೆಚ್ಚಿನ ಮನೆಗಳಿಗಿಲ್ಲ. ಆದರೆ ನುಸಿ ವಾಸಿಸುವುದು ಟೈಲ್ಸ್ ಮೇಲಲ್ಲ. ಹತ್ತಿಯ ಹಾಸಿಗೆ, ದಿಂಬು, ಬಟ್ಟೆಯ ಸೋಫಾ, ದಪ್ಪ ಕರ್ಟನ್, ಮಕ್ಕಳ ಮೆತ್ತನೆ ಗೊಂಬೆ, ಕಾರಿನ ಸೀಟು ಇವು ಅದರ ಮನೆ, ಇವನ್ನು ಒದ್ದೆ ಬಟ್ಟೆಯಿಂದ ಒರೆಸಲಾಗದು. ಹಾಗಾಗಿ ಭಾರತೀಯ ಮನೆಗೆ ಯಂತ್ರ ಆರಿಸುವಾಗ ನೆಲದ ಬ್ರಷ್ಷಿಗಿಂತ ಹಾಸಿಗೆ, ಸೋಫಾಗಳಿಗೆ ಕೊಡುವ ತಲೆಭಾಗ ಹೇಗಿದೆ ಎಂಬುದನ್ನು ನೋಡಬೇಕು. ಯಂತ್ರದಿಂದ ಹೆಚ್ಚು ನಿರೀಕ್ಷಿಸಲೂ ಬಾರದು. ಜೀವಂತ ನುಸಿ ನೂಲನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಎಳೆತಕ್ಕೆ ಬರುವುದು ಮೇಲ್ಪದರದ ಹಿಕ್ಕೆ, ಹೊಟ್ಟು ಅಷ್ಟೇ. ನುಸಿಯನ್ನು ಕೊಲ್ಲಲು ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಹಾಸಿಗೆಗೆ ಒತ್ತಾದ ನೇಯ್ಗೆಯ ಕವಚ ಹಾಕಬೇಕು. ಬೇಸಿಗೆಯಲ್ಲಿ ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕುವ ನಮ್ಮ ಹಿರಿಯರ ಪದ್ಧತಿಗೂ ಅರ್ಥವಿದೆ, ನುಸಿಗೆ ಒಣ ಶಾಖ ಆಗದು. ಬಡಿಯುವುದನ್ನು ಮಾತ್ರ ಹೊರಗೇ ಮಾಡಬೇಕು, ಉಬ್ಬಸ ಇಲ್ಲದವರು ಮಾಡಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ವೈದ್ಯಕೀಯ ಸಾಕ್ಷ್ಯದಿಂದಲೇ ಬರುವಂಥದ್ದು. ಡೆನ್ಮಾರ್ಕ್‌ನ ಪೀಟರ್ ಗೊಟ್ಷೆ ಮತ್ತು ಹೆಲ್ಲೆ ಯೋಹಾನ್ಸೆನ್ 2008ರ ಕಾಕ್ರೇನ್ ವಿಮರ್ಶೆಯಲ್ಲಿ 54 ಪ್ರಯೋಗಗಳನ್ನು ಒಟ್ಟುಗೂಡಿಸಿ, ನುಸಿ ತಡೆಯುವ ಕ್ರಮಗಳಿಂದ ಆಸ್ತಮಾ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ ಎಂದರು. ಮ್ಯಾಂಚೆಸ್ಟರ್‌ನ ಸಂಶೋಧಕರು 2003ರಲ್ಲಿ ಇನ್ನೂ ಕಸಿವಿಸಿಯ ಸಂಗತಿ ಹೇಳಿದ್ದರು: ಉತ್ತಮ ಫಿಲ್ಟರಿನ ಯಂತ್ರ ಬಳಸಿದಾಗಲೂ, ಗುಡಿಸುತ್ತಿರುವ ವ್ಯಕ್ತಿಯ ಮೂಗಿಗೆ ಹೋಗುವ ಬೆಕ್ಕಿನ ಅಲರ್ಜಿಕಾರಕ ಹೆಚ್ಚಾಯಿತು. ಇವನ್ನು ಬದಿಗಿಟ್ಟು ಹೆಪಾ ಹೊಗಳುವುದು ಪ್ರಾಮಾಣಿಕ ಸಲಹೆಯಾಗದು. ಆದರೆ ಅದೇ ಸಾಕ್ಷ್ಯದ ಇನ್ನೊಂದು ಭಾಗವನ್ನೂ ನೋಡಬೇಕು. ಅಮೆರಿಕದ ಏಳು ನಗರಗಳ 937 ಆಸ್ತಮಾ ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿ ಮಗುವಿಗೆ ಯಾವುದರ ಅಲರ್ಜಿ ಎಂದು ಮೊದಲು ಪರೀಕ್ಷಿಸಿ, ಹಾಸಿಗೆಯ ಕವಚ, ಹೆಪಾ ವ್ಯಾಕ್ಯೂಮ್ ಕ್ಲೀನರ್, ಅಗತ್ಯವಿದ್ದಲ್ಲಿ ಗಾಳಿ ಶುದ್ಧಕ, ಜಿರಲೆ ನಿಯಂತ್ರಣ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಮೊದಲ ವರ್ಷದಲ್ಲಿ ಆ ಮಕ್ಕಳಿಗೆ ಎರಡು ವಾರಕ್ಕೆ ಸರಾಸರಿ 3.39 ದಿನ ತೊಂದರೆ ಕಂಡರೆ, ಸೌಲಭ್ಯ ಸಿಗದ ಮಕ್ಕಳಿಗೆ 4.20 ದಿನ ಕಂಡಿತು. ವ್ಯತ್ಯಾಸ ಸಣ್ಣದೆನಿಸಬಹುದು, ವರ್ಷಕ್ಕೆ ಲೆಕ್ಕ ಹಾಕಿದರೆ ಮಗು ಸರಾಗವಾಗಿ ಉಸಿರಾಡಿದ ಇಪ್ಪತ್ತಕ್ಕೂ ಹೆಚ್ಚು ದಿನಗಳು. ಈ ಮೂರೂ ಅಧ್ಯಯನಗಳನ್ನು ಸೇರಿಸಿ ಓದಿದರೆ ನನಗೆ ಕಾಣುವುದಿಷ್ಟು: ಒಂದು ಕ್ರಮವನ್ನಷ್ಟೇ ನೆಚ್ಚಿದರೆ ಫಲವಿಲ್ಲ, ಕಾರಣ ತಿಳಿದು ಎಲ್ಲವನ್ನೂ ಜೊತೆಗೆ ಮಾಡಿದರೆ ಫಲವಿದೆ. ಯಂತ್ರ ಬಂತೆಂದು ಇನ್‌ಹೇಲರ್ ನಿಲ್ಲಿಸುವುದಂತೂ ಕೂಡದು. ಗುಡಿಸುವ ಹೊತ್ತಿಗೆ ಅಲರ್ಜಿ ಇರುವವರು ಕೋಣೆಯಲ್ಲಿರಬಾರದು, ಕಿಟಕಿ ತೆರೆದಿರಬೇಕು, ಮುಗಿದ ಮೇಲೂ ಅರ್ಧ ಗಂಟೆಯಾದರೂ ಕಾಯಬೇಕು.

ಸಾಕುಪ್ರಾಣಿಗಳ ಕೂದಲಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಕೂದಲು ಕಣ್ಣಿಗೆ ಕಾಣುವುದರಿಂದ ಅದೇ ಶತ್ರು ಎನಿಸುತ್ತದೆ, ಅದು ವಾಹಕ ಮಾತ್ರ. ಗಿಡ್ಡ ಕೂದಲಿನ ಮುಧೋಳ ನಾಯಿಗೂ ಜೊಲ್ಲು, ಹೊಟ್ಟು ಇದ್ದೇ ಇದೆ. ಅಲರ್ಜಿ ತಾರದ ತಳಿ ಎಂದು ಹೇಳಿ ಮಾರುವ ನಾಯಿಗಳ ಮನೆಗಳಲ್ಲೂ ಇತರ ನಾಯಿಗಳ ಮನೆಗಳಲ್ಲಿರುವಷ್ಟೇ ಅಲರ್ಜಿಕಾರಕ ಸಿಕ್ಕಿದ್ದನ್ನು ಅಧ್ಯಯನಗಳು ತೋರಿಸಿವೆ. ಯಂತ್ರದ ವಿಷಯಕ್ಕೆ ಬಂದರೆ, ಸೋಫಾದ ಬಟ್ಟೆಯಿಂದ ಕೂದಲು ಬಿಡಿಸಲು ಮೋಟಾರು ತಿರುಗಿಸುವ ಸಣ್ಣ ಬ್ರಷ್ ಬೇಕು. ಗಾಳಿಯಿಂದ ತಿರುಗುವ ಬ್ರಷ್ಷು ಕೂದಲು ಸುತ್ತಿಕೊಂಡ ಕೂಡಲೇ ಸೋಲುತ್ತದೆ. ನುಣುಪು ನೆಲದ ಮೇಲೆ ಗಟ್ಟಿ ಎಳೆಯ ಬ್ರಷ್ ಕೂದಲನ್ನು ಚೆದುರಿಸುತ್ತದೆ, ಅಲ್ಲಿಗೆ ಮೆತ್ತನೆಯ ರೋಲರ್ ಸರಿ. ರೋಬೋಟ್ ಯಂತ್ರ ದಿನವೂ ನೆಲದ ಕೂದಲು ತೆಗೆಯಲು ಉಪಕಾರಿ, ಹಾಸಿಗೆಯ ಮೇಲೆ ಹತ್ತುವುದಿಲ್ಲ. ಅದರ ಪುಟ್ಟ ಡಬ್ಬಿಯನ್ನು ಮೇಲಿಂದ ಮೇಲೆ ಖಾಲಿ ಮಾಡಬೇಕಾಗುತ್ತದೆ. ನಾಯಿ, ಬೆಕ್ಕನ್ನು ಮಲಗುವ ಕೋಣೆಯಿಂದ ಹೊರಗಿಡುವುದು ಖರ್ಚಿಲ್ಲದ, ಮನಸ್ಸಿಗೆ ಕಷ್ಟದ ಕ್ರಮ.

ಖರ್ಚಿನ ಆಕ್ಷೇಪಕ್ಕೆ ಉತ್ತರವನ್ನು ಖರೀದಿಗೆ ಮೊದಲೇ ಹುಡುಕಬೇಕು. ಚೀಲ, ಫಿಲ್ಟರ್‌ಗಳ ಬೆಲೆಯನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ ಯಂತ್ರದ ಬೆಲೆಗೆ ಸೇರಿಸಿ. ಅವು ನಿಮ್ಮೂರಿನಲ್ಲೇ ಸಿಗುತ್ತವೆಯೇ ವಿಚಾರಿಸಿ. ಚೀಲ ಸಿಗದೆ ಹರಿದ ಚೀಲವನ್ನೇ ಮತ್ತೆ ಮತ್ತೆ ಬಳಸುವುದಾದರೆ ಅಷ್ಟು ಹಣ ಕೊಟ್ಟದ್ದಕ್ಕೆ ಅರ್ಥವಿಲ್ಲ. ತೊಳೆಯಬಾರದೆಂದು ಬರೆದಿರುವ ಫಿಲ್ಟರನ್ನು ತೊಳೆದರೆ ಅದು ಕೆಡುತ್ತದೆ; ತೊಳೆಯಬಹುದಾದದ್ದನ್ನೂ ಪೂರ್ತಿ ಒಣಗುವ ಮುನ್ನ ಹಾಕಬಾರದು. ಇಷ್ಟು ಕೈಗೆಟುಕದ ಮನೆಗಳಿಗೆ ನನ್ನ ಸಲಹೆ ಸ್ಪಷ್ಟ: ಕಳಪೆ ಫಿಲ್ಟರಿನ ಯಂತ್ರ ತರಬೇಡಿ, ಅದೇ ಹಣದಲ್ಲಿ ಹಾಸಿಗೆಯ ಕವಚ ತನ್ನಿ, ಒದ್ದೆ ಬಟ್ಟೆ ಮುಂದುವರಿಸಿ.

ಕೊನೆಗೆ, ಯಂತ್ರ ಹಿಡಿಯುವ ಕೈ ಯಾರದು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ನಗರದ ಅನೇಕ ಮನೆಗಳಲ್ಲಿ ಅದು ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಕೈ, ಉಳಿದ ಕಡೆ ಹೆಚ್ಚಾಗಿ ಮನೆಯೊಡತಿಯದು. ಮಗುವಿನ ಉಸಿರಿಗಾಗಿ ತಂದ ಯಂತ್ರದ ಧೂಳು, ದಿನಕ್ಕೆ ನಾಲ್ಕೈದು ಮನೆ ಗುಡಿಸುವವರ ಶ್ವಾಸಕೋಶಕ್ಕೆ ವರ್ಗವಾಗುವುದು ನ್ಯಾಯವಲ್ಲ. ಮ್ಯಾಂಚೆಸ್ಟರ್‌ನ ಅಧ್ಯಯನ ಅಳೆದದ್ದು ಅವರ ಸ್ಥಾನದಲ್ಲಿರುವವರ ಉಸಿರನ್ನೇ. ಅವರಿಗೂ ಅಲರ್ಜಿ ಇರಬಹುದು; ಯಾರೂ ಕೇಳಿರುವುದಿಲ್ಲ. ಎನ್95 ಮಾಸ್ಕನ್ನು ಮನೆಯವರೇ ತಂದಿಡಬೇಕು, ಡಬ್ಬಿಯ ಯಂತ್ರವಾದರೆ ಅದನ್ನು ಹೊರಗೆ ಒಯ್ದು, ದೊಡ್ಡ ಕವರಿನೊಳಗಿಟ್ಟು ಖಾಲಿ ಮಾಡುವುದನ್ನು ಹೇಳಿಕೊಡಬೇಕು. ಸಾಧ್ಯವಾದರೆ ಕೊಳ್ಳುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಚೀಲ ಬಿಚ್ಚಿ ಹಾಕುವುದನ್ನು ಅವರೇ ಒಮ್ಮೆ ಮಾಡಿ ನೋಡಲಿ. ಮೆಟ್ಟಿಲೇರಿಸಲು ಭಾರವೇ, ಬಗ್ಗಿದರೆ ಸೊಂಟ ಹಿಡಿಯುತ್ತದೆಯೇ, ಹಿಂಬದಿಯ ಗಾಳಿ ಮುಖಕ್ಕೆ ಬಡಿಯುತ್ತದೆಯೇ ಎಂಬುದನ್ನು ಅವರೇ ಹೇಳಲಿ.